ಟೊಂಕ ನೋವು, ಗಾದಿ ಮತ್ತು ನಾಲ್ಕು ಕೌದಿಗಳ ಲೆಕ್ಕ

ಬೆಳಿಗ್ಗೆ ಐದೂವರೆಗೆ ಎಚ್ಚರ ಆಗುತ್ತಿತ್ತು, ಆದರೆ ಏಳಲು ಆಗುತ್ತಿರಲಿಲ್ಲ. ಟೊಂಕ ಹಿಡಿದಿರುತ್ತಿತ್ತು. ಮಂಚದ ಅಂಚು ಹಿಡಿದು, ಕಾಲು ಕೆಳಗೆ ಬಿಟ್ಟು, ಎರಡು ನಿಮಿಷ ಕೂತು ಆಮೇಲೆ ನಿಲ್ಲಬೇಕು. ಸ್ನಾನ ಮುಗಿಸಿ ಚಹಾ ಮಾಡುವಷ್ಟರಲ್ಲಿ ನೋವು ಅರ್ಧ ಇಳಿದಿರುತ್ತಿತ್ತು. ಹತ್ತು ಗಂಟೆಗೆ ಹೊಲಿಗೆ ಮಷಿನ್ ಮುಂದೆ ಕೂರುವಾಗ ಇಲ್ಲ ಅನ್ನುವಷ್ಟು ಕಡಿಮೆ. ಕೆಲಸ ಮಾಡಿದಾಗ ನೋವು ಬರಬೇಕು, ಮಲಗಿದಾಗ ಹೋಗಬೇಕು, ಅಲ್ವಾ? ನನಗೆ ಉಲ್ಟಾ ಆಗಿತ್ತು. ಗಾದಿಯ ಮೇಲೆ ಅನುಮಾನ ಬಂದದ್ದು ಆವಾಗ.

ನಾನು ಧಾರವಾಡದ ಹೊಸಯಲ್ಲಾಪುರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹತ್ತೊಂಬತ್ತು ವರ್ಷ ಆಯ್ತು. ನಮ್ಮದು ಆರಡಿ ಆರಡಿ ಮಂಚ, ಅದರ ಮೇಲೆ ಮದುವೆಯಲ್ಲಿ ತವರಿನವರು ಮಾಡಿಸಿಕೊಟ್ಟ ಹತ್ತಿ ಗಾದಿ. ಎರಡು ಸಲ ಬಿಚ್ಚಿಸಿ ಹಿಂಜಿಸಿದ್ದೆವು. ಆಮೇಲೆ ಹಿಂಜುವವರು ನಮ್ಮ ಓಣಿಗೆ ಬರುವುದು ಕಡಿಮೆಯಾಯ್ತು, ನಾವೂ ಮರೆತೆವು. ಹತ್ತಿ ಗಾದಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಚೆನ್ನಾಗಿ ಬಿಸಿಲು ಬೇಕು. ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ತಿಂಗಳುಗಟ್ಟಲೆ ಬಿಸಿಲೇ ಇಲ್ಲ. ಹತ್ತಿ ತೇವ ಹೀರಿಕೊಂಡು ಗಂಟುಗಂಟಾಗಿ, ನಡುವೆ ಎರಡು ಗುಂಡಿ ಬಿದ್ದಿದ್ದವು.

ಅಂಗಡಿಗೆ ಹೋಗುವ ಮೊದಲು ಡಾಕ್ಟರ ಹತ್ತಿರ ಹೋದೆ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಅವರು ಮಲಗಿಸಿ ಒಂದೊಂದೇ ಕಾಲು ನೆಟ್ಟಗೆ ಎತ್ತಿ ನೋಡಿದರು, ಕಾಲ್ಬೆರಳಿನ ಶಕ್ತಿ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ನರಕ್ಕೆ ಏನೂ ಆಗಿಲ್ಲ, ಸ್ನಾಯು ಮತ್ತು ಕೀಲಿನ ನೋವು ಅಂದರು. ಹಾಸಿಗೆ ಹಿಡಿದು ಮಲಗಬೇಡಿ, ಓಡಾಡುತ್ತಾ ಇರಿ ಅಂದರು. ಕಾಲಿನಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದರೆ, ತೊಡೆಯ ಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ತಡಮಾಡದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಜ್ವರ ಇದ್ದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಕೂಡ ಮೊದಲು ಡಾಕ್ಟರಿಗೆ ತೋರಿಸಿ. ಅಂಥ ನೋವಿಗೆ ಗಾದಿ ಬದಲಿಸಿ ಉಪಯೋಗ ಇಲ್ಲ.

ಇನ್ನು ನಾನು ಮಾಡಿದ ತಪ್ಪು. ನಮ್ಮ ಕಡೆ ಯಾರನ್ನೇ ಕೇಳಿ, ಬೆನ್ನುನೋವಿಗೆ ಗಟ್ಟಿ ಹಾಸಿಗೆ ಬೇಕು ಅಂತಲೇ ಹೇಳುತ್ತಾರೆ. ಅತ್ತೆಯಂತೂ "ನೆಲದ ಮ್ಯಾಲ ಒಂದು ಚಾಪಿ ಹಾಸ್ಕೊಂಡು ಮಲಗವಾ, ಎಂಟ್ ದಿನದಾಗ ಆರಾಮ ಆಗತೈತಿ" ಅಂದರು. ನಾನು ಚಾಪೆ ಬಿಟ್ಟು ಅಂಗಡಿಗೆ ಹೋದೆ, ಆದರೆ ತಲೆಯಲ್ಲಿ ಇದ್ದದ್ದು ಅದೇ ಮಾತು. ಅಂಗಡಿಯವರು ಆರ್ಥೋ ಅಂತ ಬರೆದ ಒಂದು ಗಾದಿ ತೋರಿಸಿದರು. ಐದು ಇಂಚು ದಪ್ಪ, ಕೈಯಿಂದ ಒತ್ತಿದರೆ ಒಂದು ಚೂರೂ ತಗ್ಗುವುದಿಲ್ಲ. ಅದರ ಮೇಲೆ ಎರಡು ನಿಮಿಷ ಕೂತೆ, ಮಲಗಲು ಸಂಕೋಚ ಆಯ್ತು, ಮಲಗಲಿಲ್ಲ. ಹದಿನಾಲ್ಕು ಸಾವಿರ ಕೊಟ್ಟು ತಂದೆವು. ಯಜಮಾನರಿಗೆ ಮೊದಲ ರಾತ್ರಿಯಿಂದಲೇ ಒಳ್ಳೇ ನಿದ್ದೆ. ನನಗೆ ಮೂರನೇ ದಿನಕ್ಕೆ ಭುಜ ಜೋಮು ಹಿಡಿಯಿತು, ಟೊಂಕದ ಎಲುಬು ಒತ್ತಿ ಒತ್ತಿ ರಾತ್ರಿ ನಾಲ್ಕೈದು ಸಲ ಮಗ್ಗುಲು ಬದಲಿಸುವಂತಾಯ್ತು. ಎರಡು ವಾರ ಹೋದರೆ ಹೊಂದಿಕೊಳ್ಳುತ್ತೆ ಅಂತ ಅಂಗಡಿಯವರು ಹೇಳಿದ್ದರು. ಆರು ವಾರ ಹೋಯ್ತು, ಹೊಂದಿಕೊಳ್ಳಲಿಲ್ಲ. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟರು.

ಆಮೇಲೆ ಹೊಲಿಗೆ ಬಿಚ್ಚಿ ಒಳಗೆ ನೋಡಿದೆ. ಬಣ್ಣಬಣ್ಣದ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆಯಂಥದ್ದು, ರೀಬಾಂಡೆಡ್ ಫೋಮ್ ಅನ್ನುತ್ತಾರೆ. ಅದು ಕೆಟ್ಟ ಸಾಮಾನು ಅಲ್ಲ, ಬೇಗ ಗುಂಡಿ ಬೀಳುವುದಿಲ್ಲ. ಆದರೆ ಅದರ ಮೇಲೆ ಅರ್ಧ ಇಂಚು ಮೆತ್ತನೆಯ ಪದರ ಮಾತ್ರ ಇತ್ತು. ಆರ್ಥೋ ಅನ್ನುವ ಅಕ್ಷರ ಕವರಿನ ಮೇಲೆ ಇತ್ತೇ ಹೊರತು, ನನ್ನ ಬೆನ್ನನ್ನು ಯಾರೂ ನೋಡಿರಲಿಲ್ಲ.

ದಾರಿ ಸಿಕ್ಕಿದ್ದು ತಂಗಿಯ ಮಗಳಿಂದ. ಅವಳು ಫಿಸಿಯೋಥೆರಪಿ ಓದುತ್ತಿದ್ದಾಳೆ. ಭಾನುವಾರ ಊಟಕ್ಕೆ ಬಂದವಳು ನಾನು ಮಲಗುವುದನ್ನು ನೋಡಿ, "ದೊಡ್ಡವ್ವ, ನೀ ಮಗ್ಗಲಾಗಿ ಮಲಗತಿ, ದೊಡ್ಡಪ್ಪ ಅಂಗಾತ ಮಲಗತಾರ, ಇಬ್ಬರಿಗೂ ಒಂದ ಗಾದಿ ಹೆಂಗ ಹೊಂದತೈತಿ?" ಅಂದಳು. ಅಲ್ಲಿಯವರೆಗೆ ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಎಂಬತ್ತು ಕೆಜಿಯವರ ಅಳತೆಗೆ ಬ್ಲೌಸ್ ಹೊಲಿದು ಐವತ್ತೈದು ಕೆಜಿಯವರಿಗೆ ತೊಡಿಸಿದರೆ ಕೂರುತ್ತದೆಯೇ? ಭಾರ ಇರುವವರು ಗಟ್ಟಿ ಗಾದಿಯನ್ನೂ ಸ್ವಲ್ಪ ತಗ್ಗಿಸಿಕೊಳ್ಳುತ್ತಾರೆ. ಹಗುರ ಇರುವವರು ಅದರ ಮೇಲೆ ಹಲಗೆಯ ಮೇಲೆ ಇದ್ದಂತೆ ಇರುತ್ತಾರೆ. ಮಗ್ಗುಲಾಗಿ ಮಲಗಿದರೆ ಭುಜ ಮತ್ತು ಟೊಂಕದ ಎಲುಬು ಸ್ವಲ್ಪ ಒಳಗೆ ಇಳಿಯಬೇಕು. ಇಳಿಯದಿದ್ದರೆ ನಡು ಆಸರೆ ಇಲ್ಲದೆ ತೂಗಾಡುತ್ತದೆ, ರಾತ್ರಿಯಿಡೀ ಬೆನ್ನು ಸೊಟ್ಟಗಿರುತ್ತದೆ. ತುಂಬಾ ಮೆತ್ತಗಿದ್ದರೂ ತೊಂದರೆಯೇ, ಆವಾಗ ಟೊಂಕ ಜೋಲಿಯಲ್ಲಿ ಕೂತಂತೆ ಕೆಳಗೆ ಹೋಗುತ್ತದೆ. ನಮ್ಮ ಹಳೇ ಹತ್ತಿ ಗಾದಿಯ ಗುಂಡಿಯಲ್ಲಿ ಆಗುತ್ತಿದ್ದದ್ದು ಅದೇ.

ಅವಳೇ ಇನ್ನೊಂದು ವಿಷಯ ಹೇಳಿದಳು. 2003ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂದಿದೆ. ಬಹಳ ದಿನದಿಂದ ಟೊಂಕ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ಮಧ್ಯಮ ಗಟ್ಟಿ ಗಾದಿ ಕೊಟ್ಟು 90 ದಿನ ನೋಡಿದರಂತೆ. ಮಧ್ಯಮ ಗಟ್ಟಿಯ ಮೇಲೆ ಮಲಗಿದವರಿಗೇ ಜಾಸ್ತಿ ಆರಾಮ ಸಿಕ್ಕಿತು. ಅವರ ನೋವೂ ನನ್ನ ಥರದ್ದೇ, ಮಲಗಿದಾಗ ಮತ್ತು ಏಳುವಾಗ ಬರುವಂಥದ್ದು. ಗಟ್ಟಿ ಅಂದರೆ ಒಳ್ಳೆಯದು ಅನ್ನುವ ಮಾತನ್ನು ನಾನು ಬಿಟ್ಟದ್ದು ಅವತ್ತು.

ಆದರೆ ಮಧ್ಯಮ ಅಂದರೆ ಎಷ್ಟು? ಅಂಗಡಿಯಿಂದ ಅಂಗಡಿಗೆ ಅದು ಬೇರೆ ಬೇರೆ. ಮತ್ತೆ ದುಡ್ಡು ಹಾಕಿ ಪರೀಕ್ಷೆ ಮಾಡಲು ಆಗುವುದಿಲ್ಲ. ಆವಾಗ ನೆನಪಾದದ್ದು ಟ್ರಂಕಿನಲ್ಲಿದ್ದ ಕೌದಿಗಳು. ಅತ್ತೆ ಹಳೇ ಸೀರೆ ಪದರ ಪದರ ಹಾಕಿ ಕೈಹೊಲಿಗೆಯಲ್ಲಿ ಹೊಲಿದ ಎಂಟು ಕೌದಿ ಇವೆ. ಗಟ್ಟಿ ಗಾದಿಯ ಮೇಲೆ ನನ್ನ ಭಾಗಕ್ಕೆ ಒಂದು ಕೌದಿ ಹಾಸಿದೆ, ಐದು ರಾತ್ರಿ ಮಲಗಿದೆ. ಆಮೇಲೆ ಎರಡು, ಮತ್ತೆ ಐದು ರಾತ್ರಿ. ಹೀಗೇ ಆರರವರೆಗೆ ಹೋದೆ. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋವಿಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕ ಬರೆದೆ. ಹಲ್ಲುಜ್ಜಿದ ಮೇಲೆ ಬರೆಯಬಾರದು, ಅಷ್ಟರಲ್ಲಿ ನೋವು ಇಳಿದು ಲೆಕ್ಕ ತಪ್ಪುತ್ತದೆ. ಬರಿ ಗಾದಿಗೆ 7 ಇತ್ತು. ಒಂದು ಕೌದಿಗೂ 7. ಮೂರಕ್ಕೆ 5. ನಾಲ್ಕಕ್ಕೆ 3. ಆರಕ್ಕೆ ಮತ್ತೆ 5ಕ್ಕೆ ಏರಿತು. ಅಂದರೆ ನನಗೆ ಬೇಕಾದ ಮೆತ್ತನೆ ನಾಲ್ಕು ಕೌದಿಯದ್ದು.

ಕಣ್ಣಿಗೂ ಕಾಣಲಿ ಅಂತ ಹುಡುಗಿ ಇನ್ನೊಂದು ಉಪಾಯ ಮಾಡಿದಳು. ನನ್ನ ನೈಟಿಯ ಮೇಲೆ, ಕುತ್ತಿಗೆಯ ಕೆಳಗಿನಿಂದ ಟೊಂಕದವರೆಗೆ ಬೆನ್ನೆಲುಬು ಮುಟ್ಟಿ ಮುಟ್ಟಿ ಐದು ಟಿಕಳಿ, ಅಂದರೆ ಹಣೆಗೆ ಇಡುವ ಬಿಂದಿ, ಅಂಟಿಸಿದಳು. ನಾನು ಮಗ್ಗುಲಾಗಿ ಮಲಗಿದೆ, ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದಳು. ಬರಿ ಗಾದಿಯ ಮೇಲೆ ಟಿಕಳಿಗಳು ಬಿಲ್ಲಿನ ಹಾಗೆ ಬಾಗಿದ್ದವು. ನಾಲ್ಕು ಕೌದಿಯ ಮೇಲೆ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ಇದ್ದವು. ಈ ಫೋಟೋವನ್ನು ನೀವೂ ಮನೆಯಲ್ಲಿ ಯಾರಿಂದಲಾದರೂ ತೆಗೆಸಿಕೊಂಡು ನೋಡಿ, ಐದು ನಿಮಿಷದ ಕೆಲಸ. ಬಟ್ಟೆ ಬಿಗಿ ಇರಬೇಕು, ತಲೆದಿಂಬು ದಿನಾ ಬಳಸುವುದೇ ಇರಬೇಕು. ನನ್ನ ಫೋಟೋದಲ್ಲಿ ದಿಂಬು ತೆಳುವಾಗಿ ಕುತ್ತಿಗೆ ಕೆಳಗೆ ಬಾಗಿದ್ದೂ ಕಂಡಿತು. ಮಗ್ಗುಲಾಗಿ ಮಲಗುವವರಿಗೆ ಕಿವಿಯಿಂದ ಭುಜದ ತುದಿಯವರೆಗಿನ ಸಂದು ತುಂಬುವಷ್ಟು ಎತ್ತರ ಬೇಕು. ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟುಕೊಳ್ಳಲು ಶುರು ಮಾಡಿದ್ದೂ ಅವತ್ತೇ. ಮೇಲಿನ ಕಾಲು ಮುಂದೆ ಬಿದ್ದು ಟೊಂಕ ತಿರುಚುವುದು ಅದರಿಂದ ನಿಲ್ಲುತ್ತದೆ. ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ಇಟ್ಟುಕೊಳ್ಳಬೇಕು.

ಕೌದಿ ಮೇಲೆಯೇ ಮಲಗಬಹುದಿತ್ತಲ್ಲ ಅಂತ ಕೇಳಬಹುದು. ರಾತ್ರಿ ಮಗ್ಗುಲು ಬದಲಿಸಿದಾಗ ಜಾರುತ್ತವೆ, ಮುದ್ದೆಯಾಗುತ್ತವೆ. ಅದಕ್ಕೇ ಅಷ್ಟೇ ಮೆತ್ತನೆ ಕೊಡುವ ಒಂದು ಪದರ ಬೇಕಾಗಿತ್ತು. ಒಂದು ಬುಧವಾರ ಒಬ್ಬಳೇ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ, ಮೂರು ಅಂಗಡಿ ನೋಡಿದೆ. ಈ ಸಲ ಸಂಕೋಚ ಬಿಟ್ಟೆ. ಚಪ್ಪಲಿ ಬಿಚ್ಚಿ, ಸೆರಗು ಸಿಕ್ಕಿಸಿ, ಪ್ರತಿ ಗಾದಿಯ ಮೇಲೂ ಹದಿನೈದು ನಿಮಿಷ ನಾನು ಮಲಗುವ ಮಗ್ಗುಲಲ್ಲೇ ಮಲಗಿದೆ. ಕೈಯಿಂದ ಒತ್ತಿ ನೋಡುವುದು ಸುಳ್ಳು ಹೇಳುತ್ತದೆ. ಅಂಗೈಗೆ ಗಟ್ಟಿ ಅನ್ನಿಸಿದ್ದು ಟೊಂಕಕ್ಕೆ ಮೆತ್ತಗಾಗಿರಬಹುದು.

ಅಲ್ಲಿ ಕಲಿತದ್ದು ಇಷ್ಟು. ಮೆಮರಿ ಫೋಮ್ ಮೈಯ ಶಾಖಕ್ಕೆ ಕರಗಿದಂತೆ ತಗ್ಗುತ್ತದೆ, ಒತ್ತುವುದಿಲ್ಲ, ಆದರೆ ಸೆಕೆ ಹಿಡಿದಿಡುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಸೆಕೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗ್ಗುಲು ಬದಲಿಸುವಾಗ ಹಿಡಿದಂತೆಯೂ ಆಗುತ್ತದೆ, ಟೊಂಕ ನೋವಿದ್ದವರಿಗೆ ಅದು ಕಷ್ಟ. ಸಾದಾ ಫೋಮ್ ಅಗ್ಗ, ಆದರೆ ಡೆನ್ಸಿಟಿ ಕೇಳಲೇಬೇಕು. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆಜಿ ಅಂತ. ಅದು ಕಡಿಮೆ ಇದ್ದಷ್ಟೂ ಬೇಗ ಕೂತುಬಿಡುತ್ತದೆ. ಡೆನ್ಸಿಟಿ ಜಾಸ್ತಿ ಅಂದ ಮಾತ್ರಕ್ಕೆ ಗಟ್ಟಿ ಅಂತ ತಿಳಿಯಬೇಡಿ, ಅವೆರಡೂ ಬೇರೆ. ಲೇಟೆಕ್ಸ್ ಅಂದರೆ ರಬ್ಬರ್ ಹಾಲಿನಿಂದ ಮಾಡಿದ್ದು, ತಗ್ಗುತ್ತದೆ, ಆದರೆ ಕೂಡಲೇ ಎತ್ತಿ ಹಿಡಿಯುತ್ತದೆ. ತೂತು ತೂತು ಇರುವುದರಿಂದ ಗಾಳಿಯೂ ಆಡುತ್ತದೆ. ಬೆಲೆ ಜಾಸ್ತಿ. ತೆಂಗಿನ ನಾರಿಗೆ ರಬ್ಬರ್ ಹಾಕಿ ಮಾಡಿದ ಕಾಯರ್ ಗಾದಿ ತಂಪು, ಗಟ್ಟಿ, ಕೆಳಗಿನ ಪದರಕ್ಕೆ ಒಳ್ಳೆಯದು. ಆದರೆ ದಿನಾ ಒಂದೇ ಜಾಗದಲ್ಲಿ ಮಲಗಿದರೆ ವರ್ಷಗಳಲ್ಲಿ ತಗ್ಗು ಬೀಳುತ್ತದೆ. ಸ್ಪ್ರಿಂಗ್ ಬೇಕು ಅನ್ನುವವರು ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ ಇರುವ ಪಾಕೆಟ್ ಸ್ಪ್ರಿಂಗ್ ನೋಡಬೇಕು. ಎಲ್ಲಾ ತಂತಿ ಒಂದಕ್ಕೊಂದು ಕಟ್ಟಿದ ಥರದ್ದರಲ್ಲಿ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರ ಆಗುತ್ತದೆ.

ನಾನು ಹೊಸ ಗಾದಿ ಕೊಳ್ಳಲಿಲ್ಲ. ಎರಡು ಇಂಚಿನ ಲೇಟೆಕ್ಸ್ ಹಾಳೆ, 72ಕ್ಕೆ 36 ಇಂಚಿನದು, ಮಾತ್ರ ತಂದೆ. ಗಾದಿ ಮಾಡುವವರೊಬ್ಬರನ್ನು ಮನೆಗೆ ಕರೆಸಿ ಆ ಗಟ್ಟಿ ಗಾದಿಯನ್ನು ಉದ್ದಕ್ಕೆ ಎರಡು ಮಾಡಿಸಿದೆ. ನನ್ನ ಅರ್ಧದ ಮೇಲೆ ಲೇಟೆಕ್ಸ್ ಬಂತು. ಯಜಮಾನರ ಅರ್ಧದ ಮೇಲೆ, ಎತ್ತರ ಸಮ ಆಗಲಿ ಅಂತ, ಹಳೇ ಗಾದಿಯ ಹತ್ತಿಯನ್ನೇ ಹಿಂಜಿಸಿ ಬಿಗಿಯಾಗಿ ತುಂಬಿಸಿದ ಎರಡು ಇಂಚಿನ ತೆಳು ಗಾದಿ ಬಂತು. ಹತ್ತಿಯ ಬಿಗಿ ತುಂಬು ಅವರಿಗೆ ಗಟ್ಟಿಯಾಗಿಯೇ ಇದೆ, ಖುಷಿಯಾಗಿದ್ದಾರೆ. ಎರಡಕ್ಕೂ ಪಟ್ಟೆ ಪಟ್ಟೆ ಗಾದಿ ಬಟ್ಟೆಯಲ್ಲಿ ಜಿಪ್ ಇಟ್ಟು ಕವರ್ ನಾನೇ ಹೊಲಿದೆ. ಕವರ್ ತುಂಬಾ ಬಿಗಿ ಹೊಲಿಯಬೇಡಿ. ಮೊದಲನೇದು ಬಿಗಿಯಾಗಿ, ಲೇಟೆಕ್ಸ್ ತಗ್ಗಲಿಕ್ಕೇ ಬಿಡದೆ ಮತ್ತೆ ಗಟ್ಟಿ ಅನ್ನಿಸಿತು. ಬಿಚ್ಚಿ ಅರ್ಧ ಇಂಚು ಸಡಿಲ ಕೊಟ್ಟ ಮೇಲೆ ಸರಿಹೋಯ್ತು.

ಗಾದಿ ಎತ್ತಿದಾಗ ಮಂಚವನ್ನೂ ನೋಡಿದೆ. ನನ್ನ ಕಡೆಯ ಪ್ಲೈವುಡ್ ನಡುವೆ ಬಾಗಿತ್ತು. ದಾರ ಎಳೆದು ಹಿಡಿದು ನೋಡಿದರೆ ಮುಕ್ಕಾಲು ಇಂಚು ತಗ್ಗು. ಎಷ್ಟು ಒಳ್ಳೇ ಗಾದಿ ಹಾಕಿದರೂ ಕೆಳಗಿನ ಹಲಗೆ ಬಾಗಿದ್ದರೆ ಗಾದಿಯೂ ಬಾಗುತ್ತದೆ. ಬಡಗಿಯವರು ಕೆಳಗೆ ಅಡ್ಡಪಟ್ಟಿ ಕೊಟ್ಟು ಸರಿಮಾಡಿದರು. ಗಾದಿ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು, ನಾನು ಕೊನೆಯಲ್ಲಿ ಮಾಡಿದೆ.

ಗದಗದಲ್ಲಿರುವ ನನ್ನ ತಂಗಿಗೂ ಟೊಂಕ ನೋವಿದೆ. ಅವಳು ನನಗಿಂತ ಭಾರ, ಅಂಗಾತ ಮಲಗುತ್ತಾಳೆ. ಎಂಟು ಕೌದಿಯನ್ನೂ ಅಲ್ಲಿಗೆ ಹೊತ್ತುಕೊಂಡು ಹೋಗಿ ಅವಳ ಕಾಯರ್ ಗಾದಿಯ ಮೇಲೆ ಹಾಸಿ ನೋಡಿದೆವು. ಅವಳಿಗೆ ಒಂದೇ ಕೌದಿ ಸಾಕಾಯ್ತು. ಅಂಗಾತ ಮಲಗಿದಾಗ ಟೊಂಕದ ಕೆಳಗೆ ಕೈ ತೂರಿಸಿ ನೋಡಬೇಕು. ಕೈ ಸಲೀಸಾಗಿ ಆಚೆ ಈಚೆ ಹೋದರೆ ಗಾದಿ ಗಟ್ಟಿ. ತೂರಿಸಲಿಕ್ಕೇ ಆಗದಿದ್ದರೆ ಟೊಂಕ ಜಾಸ್ತಿ ಇಳಿದಿದೆ. ಕೈ ಹೋಗಬೇಕು, ಆದರೆ ಸ್ವಲ್ಪ ತಿಕ್ಕಿಕೊಂಡು ಹೋಗಬೇಕು. ನನ್ನ ಲೇಟೆಕ್ಸ್ ನೋಡಿ ಅವಳೂ ಅದೇ ತರಿಸುತ್ತೇನೆ ಅಂದಿದ್ದಳು, ನಾನು ಬೇಡ ಅಂದೆ. ಐದಾರು ಸಾವಿರ ಉಳಿಯಿತು.

ಈಗ ಹದಿನಾಲ್ಕು ತಿಂಗಳಾಯ್ತು. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಹಾಕುತ್ತೇನೆ. ಲೇಟೆಕ್ಸಿಗೆ ನೇರ ಬಿಸಿಲು ತಾಗಿಸುವುದಿಲ್ಲ, ಒಣಗಿ ಪುಡಿ ಆಗುತ್ತದೆ, ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು. ಎದ್ದ ಮೊದಲ ಅರ್ಧ ಗಂಟೆ ಬಗ್ಗಿ ಕಸ ಗುಡಿಸುವುದು, ಕೊಡ ಎತ್ತುವುದು ಮಾಡುವುದಿಲ್ಲ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಿಗ್ಗೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಇದನ್ನೂ ತಂಗಿಯ ಮಗಳೇ ಹೇಳಿಕೊಟ್ಟದ್ದು.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ಹೆಚ್ಚಿನ ದಿನ 1 ಅಥವಾ 2 ಇರುತ್ತದೆ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಹತ್ತು ತಾಸು ಕೂತಾಗ ಮತ್ತೆ 4ಕ್ಕೆ ಹೋಯ್ತು, ಆದರೆ ಆ ನೋವು ಬೆಳಿಗ್ಗೆ ಬರಲಿಲ್ಲ, ಸಂಜೆ ಬಂತು. ಸಂಜೆಯ ನೋವಿಗೆ ಮಷಿನ್ ಮುಂದಿನ ಸ್ಟೂಲ್ ನೋಡಬೇಕು ಅಂತ ಹುಡುಗಿ ಹೇಳಿದ್ದಾಳೆ. ನನ್ನದು ಎರಡು ಇಂಚು ತಗ್ಗು ಇದೆ, ಸದ್ಯಕ್ಕೆ ಅದರ ಮೇಲೆ ಎರಡು ಕೌದಿ ಮಡಚಿ ಹಾಕಿ ನೋಡುತ್ತಿದ್ದೇನೆ.