ಆರ್ಗನ್‌ನ ರೋಟರಿ ಸ್ಪೀಕರನ್ನು ನಾನು ಹೊಂದಿಸಿಕೊಂಡ ಬಗೆ

ಡಿಜಿಟಲ್ ಆರ್ಗನ್ ಕೈಗೆ ಬಂದ ಕೂಡಲೇ ಎಲ್ಲರೂ ಸದ್ದಿನ ಬಣ್ಣ ಬದಲಿಸುವ ಡ್ರಾಬಾರ್ ಎಂಬ ಪಟ್ಟಿಗಳನ್ನು ಎಳೆದು ನೋಡುತ್ತಾರೆ. ನನ್ನ ವಾದ್ಯಕ್ಕೆ ಜೀವ ಬಂದದ್ದು ಮಾತ್ರ ರೋಟರಿ ಮೆನುವಿನಲ್ಲಿ, ಅಂದರೆ ಸದ್ದನ್ನು ಸುತ್ತ ತಿರುಗಿಸುವ ಸ್ಪೀಕರನ್ನು ಅನುಕರಿಸುವ ಸೆಟ್ಟಿಂಗ್‌ಗಳಲ್ಲಿ. ಅದೂ ಸ್ಲೋ, ಫಾಸ್ಟ್ ಎನ್ನುವ ಎರಡು ವೇಗಗಳಿಂದಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವ ಆ ಕೆಲವು ಸೆಕೆಂಡುಗಳಿಂದ. ಮೊದಲಿದ್ದ ಸೆಟ್ಟಿಂಗ್‌ನಲ್ಲಿ ಸ್ವಿಚ್ ಒತ್ತಿದರೆ ಎಲ್ಲವೂ ಒಟ್ಟಿಗೆ ವೇಗ ಹಿಡಿಯುತ್ತಿತ್ತು, ಒಟ್ಟಿಗೆ ನಿಧಾನವಾಗುತ್ತಿತ್ತು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಮರದ ಪೆಟ್ಟಿಗೆಯೊಳಗೆ ಭಾರದ ವಸ್ತುವೊಂದು ತಿರುಗುತ್ತಿದೆ ಅನ್ನಿಸುತ್ತಿರಲಿಲ್ಲ.

ಹಾಗಾಗಿ ಆ ಪೆಟ್ಟಿಗೆಯೊಳಗೆ ಏನಿರುತ್ತದೆ ಅಂತ ಮೊದಲು ತಿಳಿದುಕೊಂಡೆ. ಇದು 1940ರ ದಶಕದ ಆರಂಭದಲ್ಲಿ ಡಾನ್ ಲೆಸ್ಲಿ ಹ್ಯಾಮಂಡ್ ಆರ್ಗನ್‌ಗೆಂದು ಮಾಡಿದ ಸ್ಪೀಕರ್. ಹೆಚ್ಚಿನ ಡಿಜಿಟಲ್ ಆರ್ಗನ್‌ಗಳು ಅನುಕರಿಸುವುದು ಅದರ 122ರಂಥ ಮಾದರಿಗಳನ್ನು. ಮೇಲೆ ಒಂದು ಹಾರ್ನ್ ತಿರುಗುತ್ತದೆ. ಕೆಳಗೆ ತಗ್ಗು ಸ್ವರಗಳಿಗೆಂದೇ ಇರುವ 15 ಇಂಚಿನ ಸ್ಪೀಕರ್ (ವೂಫರ್) ನೆಲಕ್ಕೆ ಮುಖ ಮಾಡಿ ಕೂತಿರುತ್ತದೆ, ಅದರಡಿ ಒಂದು ಡ್ರಮ್ ತಿರುಗುತ್ತದೆ. ಸುಮಾರು 800 ಹರ್ಟ್ಸ್‌ಗಿಂತ ಮೇಲಿನ ಸದ್ದು ಹಾರ್ನ್‌ಗೆ, ಕೆಳಗಿನದು ಡ್ರಮ್‌ಗೆ. ಹಾರ್ನ್‌ಗೆ ಎರಡು ಬಾಯಿ ಕಾಣುತ್ತವೆ, ಆದರೆ ಸದ್ದು ಬರುವುದು ಒಂದರಿಂದ ಮಾತ್ರ. ಇನ್ನೊಂದು ಇರುವುದು ತೂಕ ಸರಿದೂಗಿಸಲು. ಎರಡು ಭಾಗಗಳೂ ಎದುರುಬದುರು ದಿಕ್ಕಿನಲ್ಲಿ ತಿರುಗುತ್ತವೆ. ಹಾರ್ನ್ ಹಗುರ, ಡ್ರಮ್ ಭಾರ. ಮೆನುವಿನಲ್ಲಿರುವ ಅಷ್ಟೂ ಅಂಕಿಗಳ ಹಿಂದೆ ಇರುವುದು ಇಷ್ಟೇ.

ಕೆಲಸ ಶುರು ಮಾಡುವಾಗ ರಿವರ್ಬ್ (ಕೋಣೆಯ ಗುಂಗು), ವೈಬ್ರಾಟೋ (ಸ್ವರದ ನಡುಕ), ಡ್ರೈವ್ (ಸದ್ದು ಒಡೆಯುವಂತೆ ಮಾಡುವುದು) ಎಲ್ಲ ಆಫ್ ಮಾಡಿದೆ. ಇವು ಆನ್ ಇದ್ದರೆ ಕಿವಿಗೆ ಮೋಸವಾಗುತ್ತದೆ. ಆಮೇಲೆ ಬ್ಯಾಲೆನ್ಸ್ ಅನ್ನು ಪೂರ್ತಿ ಹಾರ್ನ್ ಕಡೆ ತಿರುಗಿಸಿ, ಮೇಲಿನ ಒಂದೇ ಸ್ವರ ಒತ್ತಿ ಹಿಡಿದು ಸ್ಲೋನಲ್ಲಿ ಕೇಳಿದೆ. ಸದ್ದು ಏರಿ ಇಳಿದರೆ ಒಂದು ಸುತ್ತು. ಮೂಲ ಪೆಟ್ಟಿಗೆಯಲ್ಲಿ ಹಾರ್ನ್ ನಿಮಿಷಕ್ಕೆ ಸುಮಾರು 48 ಸುತ್ತು ತಿರುಗುತ್ತದೆ, ಡ್ರಮ್ 40ರ ಆಸುಪಾಸು. ಅಂದರೆ ಗಡಿಯಾರ ನೋಡುತ್ತಾ ಎಣಿಸಿದರೆ 10 ಸೆಕೆಂಡಿನಲ್ಲಿ ಹಾರ್ನ್ 8 ಸಲ ಸುತ್ತಬೇಕು, ಡ್ರಮ್ ಆರೇಳು ಸಲ. ಮೆನುವಿನಲ್ಲಿ 0ಯಿಂದ 127ರವರೆಗಿನ ಅಂಕಿ ಮಾತ್ರ ಕೊಟ್ಟಿದ್ದರೂ ಈ ಎಣಿಕೆಯಿಂದ ಸರಿಯಾದ ಜಾಗ ಸಿಗುತ್ತದೆ.

ಫಾಸ್ಟ್‌ನಲ್ಲಿ ಕಿವಿಯಿಂದ ಎಣಿಸಲು ಆಗುವುದಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ತೆರೆಯ ಮೇಲೆ ಒಂದು ಸೆಕೆಂಡಿನಲ್ಲಿ ಎಷ್ಟು ಉಬ್ಬು ಬಂದಿವೆ ಅಂತ ನೋಡಿದೆ. ಹಾರ್ನ್‌ಗೆ ಆರೂವರೆ ಹತ್ತಿರ, ಡ್ರಮ್‌ಗೆ ಆರಕ್ಕಿಂತ ಸ್ವಲ್ಪ ಕಡಿಮೆ ಇಟ್ಟುಕೊಂಡಿದ್ದೇನೆ. ಎರಡನ್ನೂ ಸಮ ಮಾಡಬೇಡಿ. ಸಮವಾದರೆ ಮೇಲಿನದೂ ಕೆಳಗಿನದೂ ಒಂದೇ ತಾಳಕ್ಕೆ ಬಿದ್ದು ಇಡೀ ಸದ್ದು ಒಂದೇ ತರಹ ಮಿಡಿಯುತ್ತದೆ. ಕೆಲವರು ಫಾಸ್ಟ್ ವೇಗವನ್ನು ಹಾಡಿನ ಲಯಕ್ಕೆ ಹೊಂದಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಪೆಟ್ಟಿಗೆ ತನ್ನ ಪಾಡಿಗೆ ತಿರುಗುತ್ತಿರಬೇಕು, ಆಗಲೇ ಅದು ತಾಳದ ಮೇಲೆ ಚೆನ್ನಾಗಿ ತೇಲುತ್ತದೆ.

ಇನ್ನು ವೇಗ ಏರುವ, ಇಳಿಯುವ ಸಮಯ. ನಾನು ಅತಿ ಹೆಚ್ಚು ಹೊತ್ತು ಕೂತದ್ದು ಇಲ್ಲೇ. ಹಗುರವಾದ ಹಾರ್ನ್ ಥಟ್ಟನೆ ಓಡುತ್ತದೆ. ಭಾರದ ಡ್ರಮ್ ಹೊರಡಲು ಹೊತ್ತು ಬೇಕು, ನಿಲ್ಲಲೂ ಹೊತ್ತು ಬೇಕು. ನನ್ನ ಸೆಟ್ಟಿಂಗ್‌ನಲ್ಲಿ ಹಾರ್ನ್ ಏರಲು ಒಂದು ಸೆಕೆಂಡ್, ಇಳಿಯಲು ಒಂದೂವರೆ. ಡ್ರಮ್‌ಗೆ ಎರಡೂ ಕಡೆ ಐದು ಸೆಕೆಂಡಿನ ಹತ್ತಿರ. ಈಗ ಸ್ವಿಚ್ ಒತ್ತಿದರೆ ಮೇಲಿನ ಸ್ವರಗಳು ಆಗಲೇ ನಡುಗುತ್ತಿರುತ್ತವೆ, ಎಡಗೈಯ ಸ್ವರಗಳು ಇನ್ನೂ ನಿಧಾನವಾಗಿ ಹೊರಳುತ್ತಿರುತ್ತವೆ. ಆ ನಡುವಿನ ಹೊತ್ತಿನಲ್ಲಿ ಒಂದೇ ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳು) ಸುಮ್ನೆ ಹಿಡಿದು ಕೂತರೂ ಅದರೊಳಗೆ ಏನೇನೋ ನಡೆಯುತ್ತಿರುತ್ತದೆ. ಅದನ್ನು ಕೇಳಿದಾಗ ನನಗೆ ಆಗುವ ಸಂತೋಷ ಬೇರೆ ಯಾವ ಎಫೆಕ್ಟ್‌ನಿಂದಲೂ ಆಗಿಲ್ಲ. ನಿಮ್ಮ ವಾದ್ಯದಲ್ಲಿ ಹಾರ್ನ್‌ಗೂ ಡ್ರಮ್‌ಗೂ ಬೇರೆ ಬೇರೆ ಸಮಯ ಕೊಡುವ ಅವಕಾಶವಿದ್ದರೆ ಮೊದಲು ಅಲ್ಲಿಗೇ ಹೋಗಿ.

ನುಡಿಸುವ ಕೈಯೂ ಇದಕ್ಕೆ ಹೊಂದಿಕೊಳ್ಳಬೇಕು. ಹಾರ್ನ್‌ಗೆ ಒಂದು ಸೆಕೆಂಡ್ ಬೇಕು ಅಂದಮೇಲೆ, ಕಾರ್ಡ್ ಬೀಳುವ ಹೊತ್ತಿಗೆ ಸ್ವಿಚ್ ಒತ್ತಿದರೆ ತಡವಾಯಿತು. ಅದಕ್ಕೆ ಸ್ವಲ್ಪ ಮುಂಚೆಯೇ ಒತ್ತುತ್ತೇನೆ. ಸಾಲಿನ ಕೊನೆಯಲ್ಲಿ ಸ್ವರ ಹಿಡಿದು ನಿಲ್ಲುವಾಗ ಮಾತ್ರ ತಡವಾಗಿ ಒತ್ತುವುದೇ ಚೆಂದ, ಆಗ ವೇಗ ಏರುವುದೆಲ್ಲ ಕೇಳುವವರಿಗೆ ಸಿಗುತ್ತದೆ.

ಆಮೇಲೆ ಮೈಕ್ ಸೆಟ್ಟಿಂಗ್. ಅಲ್ಲಿ ನಿಜವಾದ ಮೈಕ್ ಇಲ್ಲ, ಇದ್ದಂತೆ ಲೆಕ್ಕ ಹಾಕುತ್ತದೆ ಅಷ್ಟೇ. ಹಾರ್ನ್ ಮೈಕಿನ ಕಡೆ ಬರುವಾಗ ಸ್ವರ ಚೂರು ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಸೈರನ್ ಹಾಕಿಕೊಂಡ ಆಂಬುಲೆನ್ಸ್ ದಾಟಿ ಹೋಗುವಾಗ ಆಗುವುದೂ ಇದೇ ಅಲ್ವಾ? ಮೈಕ್ ಹತ್ತಿರ ಇಟ್ಟರೆ ಸದ್ದಿನ ಏರಿಳಿತ ಜಾಸ್ತಿ, ದೂರ ಇಟ್ಟರೆ ಮೃದು. ನಾನು ಮಧ್ಯಕ್ಕಿಂತ ತುಸು ಹತ್ತಿರ ಇಟ್ಟಿದ್ದೇನೆ.

ಎರಡು ಮೈಕ್‌ಗಳ ನಡುವಿನ ಕೋನದ ಬಗ್ಗೆ ಎಚ್ಚರ ಇರಲಿ. 180 ಡಿಗ್ರಿ ಇಟ್ಟು ಹೆಡ್‌ಫೋನ್‌ನಲ್ಲಿ ಕೇಳಿದರೆ ಬಹಳ ವಿಶಾಲ ಅನ್ನಿಸುತ್ತದೆ. ಆದರೆ ವೇದಿಕೆಯ ಮಿಕ್ಸರಿನಲ್ಲಿ ಎಡ, ಬಲ ಎರಡೂ ಚಾನೆಲ್ ಸೇರಿ ಒಂದೇ (ಮೋನೋ) ಆದರೆ ಒಂದು ಕಡೆಯ ಏರು ಇನ್ನೊಂದು ಕಡೆಯ ಇಳಿತದೊಂದಿಗೆ ಬೆರೆತು, ತಿರುಗುವ ಭಾವವೇ ಮಸುಕಾಗುತ್ತದೆ. ಅದಕ್ಕೆ ನಾನು 90 ಡಿಗ್ರಿಗೆ ಇಳಿಸಿದೆ. ಪೂರ್ತಿ ಮೋನೋದಲ್ಲೇ ನುಡಿಸಬೇಕಾದಾಗ ಒಂದೇ ಮೈಕ್ ಇರುವ ಇನ್ನೊಂದು ಪ್ಯಾಚ್ (ಉಳಿಸಿಟ್ಟ ಸೆಟ್ಟಿಂಗ್) ಇಟ್ಟುಕೊಂಡಿದ್ದೇನೆ.

ಡ್ರೈವ್ ಕೊನೆಗೆ. ಕಾಲಿನಿಂದ ಸದ್ದು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪ್ರೆಶನ್ ಪೆಡಲ್ ಅರ್ಧದಲ್ಲಿದ್ದಾಗ ಸದ್ದು ಶುದ್ಧವಾಗಿರಬೇಕು, ಪೂರ್ತಿ ಒತ್ತಿದಾಗ ಮಾತ್ರ ಗುರುಗುಟ್ಟಬೇಕು. ಮೊದಲ ಮೂರು ಡ್ರಾಬಾರ್ ಪೂರ್ತಿ ಎಳೆದು, ಎರಡೂ ಕೈಯ ಕಾರ್ಡ್ ಹಿಡಿದು ಇದನ್ನು ಹೊಂದಿಸುತ್ತೇನೆ. ಮೂಲ ಸ್ಪೀಕರಿನಲ್ಲಿ 40 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಇತ್ತು. ಸದ್ದು ಒಡೆಯುತ್ತಿದ್ದದ್ದು ಅದರಲ್ಲಿ, ಒಡೆದ ಸದ್ದು ಆಮೇಲೆ ಹಾರ್ನ್‌ನಲ್ಲಿ ತಿರುಗುತ್ತಿತ್ತು. ಈ ಕ್ರಮ ತಪ್ಪಬಾರದು. ಕೀಬೋರ್ಡಿನಿಂದ ಹೊರಬಂದ ಮೇಲೆ ಗಿಟಾರಿನ ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಏರಿಳಿತವೆಲ್ಲ ಚಪ್ಪಟೆಯಾಗುತ್ತದೆ. ಮಿಕ್ಸರಿನಲ್ಲಿ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಜೋರಾಗಿದ್ದರೂ ಅಷ್ಟೇ. ಹೀಗಾಗಿ ಸೌಂಡ್ ನೋಡಿಕೊಳ್ಳುವವರಿಗೆ ಆರ್ಗನ್ ಚಾನೆಲ್‌ಗೆ ಕಂಪ್ರೆಸರ್ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ.