ಕುದುರೆಯ ಎಕೋ: ಮೊದಲು ಮೈ ಅಳೆಯಿರಿ, ಆಮೇಲೆ ಹೃದಯ

ತಟ್ಟು ಕುದುರೆಯೊಂದು ನಾಲ್ಕು ದಿನದಿಂದ ಬೇಗ ದಣಿಯುತ್ತಿದೆ. ಸ್ಟೆತಸ್ಕೋಪ್ ಇಟ್ಟರೆ ಎದೆಬಡಿತದ ನಡುವೆ ಅಸಹಜ ಸದ್ದು. ಎಕೋ, ಅಂದರೆ ಶಬ್ದತರಂಗದಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ, ಮಾಡಿದಾಗ ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ಒತ್ತುವ ಹೃದಯದ ಕೆಳಕೋಣೆ) ಪೂರ್ತಿ ಹಿಗ್ಗಿದ ಗಳಿಗೆಯಲ್ಲಿ ಅದರ ಒಳ ಅಗಲ 10.8 ಸೆಂ.ಮೀ. ಬಂತು ಅಂದುಕೊಳ್ಳಿ. ಕೋಣೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಸುಮಾರು 12 ಸೆಂ.ಮೀ. ಸಹಜ ಎಂದಿದೆ. ಎಲ್ಲ ಸರಿಯಿದೆ ಎಂದು ಕುದುರೆಯನ್ನು ಲಾಯಕ್ಕೆ ಕಳಿಸಿದರೆ ದೊಡ್ಡ ತಪ್ಪಾಗುತ್ತದೆ. ಆ ಪಟ್ಟಿ 500 ಕೆ.ಜಿ.ಯ ರೇಸ್ ಕುದುರೆಯದು, ನಿಮ್ಮ ಮುಂದೆ ನಿಂತಿರುವುದು 250 ಕೆ.ಜಿ.ಯ ತಟ್ಟು. ಅದರ ಮೈಗೆ ತಕ್ಕ ಅಳತೆ 9.5 ಸೆಂ.ಮೀ. ಆಸುಪಾಸು. ಅಂದರೆ ಹೃದಯ ಆಗಲೇ ಊದಿಕೊಂಡಿದೆ.

ನಮ್ಮ ರಾಜ್ಯದಲ್ಲೇ ನೋಡಿ. ಕುಣಿಗಲ್‌ನ ಫಾರ್ಮಿನಲ್ಲಿ ಬೆಳೆಯುವ ಥರೋಬ್ರೆಡ್ ಎಂಬ ರೇಸ್ ತಳಿಯ ಮರಿ, ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಓಡುವ ನಾಲ್ಕು ವರ್ಷದ ಕುದುರೆ, ಮೈಸೂರಿನ ಅಶ್ವಾರೋಹಿ ಪೊಲೀಸರ ಕುದುರೆ, ಅದೇ ಊರಿನ ಟಾಂಗಾ ಎಳೆಯುವ ತಟ್ಟು. ನಾಲ್ಕಕ್ಕೂ ಒಂದೇ ಪಟ್ಟಿ ಹಿಡಿಯಲು ಬರುವುದಿಲ್ಲ.

ಮೊದಲ ಕೆಲಸ ತೂಕ

ಪ್ರೋಬಿಗೆ (ಎದೆಗೆ ಹಿಡಿಯುವ ಎಕೋ ಯಂತ್ರದ ಹಿಡಿಗೆ) ಜೆಲ್ ಹಚ್ಚುವ ಮೊದಲು ಕುದುರೆಯ ತೂಕ ಬರೆದಿಟ್ಟುಕೊಳ್ಳಿ. ತೂಕದ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಕಡೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಹೆಗಲ ಮುಂಭಾಗದ ಮೂಳೆಯಿಂದ ಪೃಷ್ಠದ ಹಿಂತುದಿಯ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 180, ಉದ್ದ 165 ಇದ್ದರೆ 450 ಕೆ.ಜಿ. ಇದು ಬೆಳೆದ ಕುದುರೆಯ ಲೆಕ್ಕ, ಮರಿಗಳಿಗೆ ಬೇಡ. ಕಣ್ಣಂದಾಜು ಯಾರಿಗೂ ಬೇಡ. ಎಷ್ಟು ಅನುಭವವಿದ್ದರೂ ಐವತ್ತು ಕೆ.ಜಿ. ಆಚೀಚೆ ಆಗುವುದು ಸುಲಭ.

ತೂಕದ ಪಕ್ಕದಲ್ಲೇ ತಳಿ, ವಯಸ್ಸು, ಎತ್ತರ, ಗಂಡೋ ಹೆಣ್ಣೋ ಬೀಜ ಒಡೆಸಿದ್ದೋ, ಹೆಣ್ಣಾದರೆ ಗಬ್ಬವೋ ಅಲ್ಲವೋ, ಈಗ ಯಾವ ಕೆಲಸದಲ್ಲಿದೆ, ಎಷ್ಟು ತಿಂಗಳಿಂದ ತಾಲೀಮು ಎಂಬುದನ್ನೂ ಬರೆಯಿರಿ. ತಾಲೀಮಿನ ಸಂಗತಿಯನ್ನು ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸನನ್ನೇ ಕೇಳಿ. ದಿನವೂ ಕುದುರೆಯ ಜೊತೆಗಿರುವವನು ಅವನು.

ಅರ್ಧ ತೂಕ ಎಂದರೆ ಅರ್ಧ ಅಳತೆಯಲ್ಲ

ಎಡವುವುದು ಹೆಚ್ಚಾಗಿ ಇಲ್ಲೇ. ತೂಕ ಅರ್ಧವಾದರೆ ಹೃದಯದ ಅಗಲವೂ ಅರ್ಧವಾಗಬೇಕಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹೃದಯ ಮೂರು ಆಯಾಮದ ವಸ್ತು. ಮೈತೂಕ ಅರ್ಧವಾದಾಗ ಹೃತ್ಕುಕ್ಷಿ ಹಿಡಿಯುವ ರಕ್ತದ ಗಾತ್ರ ಸುಮಾರು ಅರ್ಧವಾಗುತ್ತದೆ. ಆದರೆ ಉದ್ದ, ಅಗಲ, ದಪ್ಪ ಪ್ರತಿಯೊಂದೂ ಸ್ವಲ್ಪ ಸ್ವಲ್ಪವೇ ಕುಗ್ಗುತ್ತವೆ. ಆದ್ದರಿಂದ ಸೆಂಟಿಮೀಟರಿನ ಅಳತೆಗಳನ್ನು ತೂಕದ ಘನಮೂಲಕ್ಕೆ ಹೋಲಿಸಬೇಕು.

ಮಾಡುವ ಬಗೆ ಹೀಗೆ: ನಿಮ್ಮ ಕುದುರೆಯ ತೂಕವನ್ನು 500ರಿಂದ ಭಾಗಿಸಿ, ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕ್ಯುಲೇಟರಿನಲ್ಲಿ ಅದರ ಘನಮೂಲ ತೆಗೆಯಿರಿ, ಅದರಿಂದ 500 ಕೆ.ಜಿ. ಕುದುರೆಯ ಸಹಜ ಅಳತೆಯನ್ನು ಗುಣಿಸಿ. 250 ಕೆ.ಜಿ.ಗೆ 0.79 ಬರುತ್ತದೆ, 12 ಸೆಂ.ಮೀ. ಹೋಗಿ 9.5 ಆಗುತ್ತದೆ. ಇದೇ ಲೆಕ್ಕದಲ್ಲಿ 400 ಕೆ.ಜಿ.ಗೆ 11.1, 600 ಕೆ.ಜಿ.ಗೆ 12.8. ಚಿತ್ರದ ಮೇಲೆ ಗೆರೆ ಎಳೆದು ವಿಸ್ತೀರ್ಣ ತೆಗೆದಿದ್ದರೆ ಘನಮೂಲವನ್ನು ಒಮ್ಮೆ ಅದರಿಂದಲೇ ಗುಣಿಸಿಕೊಳ್ಳಿ: 250 ಕೆ.ಜಿ.ಗೆ 0.63. ಗೋಡೆಯ ದಪ್ಪಕ್ಕೂ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಅಗಲಕ್ಕೂ ಮೊದಲಿನ ಲೆಕ್ಕವೇ. ಹೃತ್ಕುಕ್ಷಿ ಹಿಗ್ಗಿದ್ದಾಗಿನ ಅಗಲದಲ್ಲಿ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ಕುಗ್ಗುತ್ತದೆ ಎಂಬ ಅಳತೆ ಮಾತ್ರ ಮೈಗಾತ್ರಕ್ಕೆ ಹೆಚ್ಚು ಜಗ್ಗುವುದಿಲ್ಲ. ತಟ್ಟುವಿನಲ್ಲೂ ರೇಸ್ ಕುದುರೆಯಲ್ಲೂ ಅದು ಸಾಮಾನ್ಯವಾಗಿ 30ರಿಂದ 45ರ ನಡುವೆ.

ಕೊಬ್ಬು ಮಾಡುವ ಮೋಸ

ಈ ಲೆಕ್ಕಕ್ಕೂ ಒಂದು ಕುತ್ತಿದೆ. 500 ಕೆ.ಜಿ. ಇರಬೇಕಾದ ಕುದುರೆ ಕೆಲಸವಿಲ್ಲದೆ ತಿಂದು 600ಕ್ಕೆ ಏರಿತು ಅನ್ನಿ. ಕೊಬ್ಬು ಬೆಳೆಯಿತೆಂದು ಹೃದಯ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಈಗ ಲೆಕ್ಕ 12.8 ಸಹಜ ಎನ್ನುತ್ತದೆ. ಕವಾಟ ಸೋರಿ ನಿಜಕ್ಕೂ 12ರಿಂದ 12.8ಕ್ಕೆ ಹಿಗ್ಗಿದ ಹೃದಯ ಆ ಪಟ್ಟಿಯಲ್ಲಿ ಆರೋಗ್ಯವಂತನಂತೆ ಕಾಣುತ್ತದೆ! ಅದಕ್ಕೇ ಪಕ್ಕೆಲುಬು ಕೈಗೆ ಸಿಗುತ್ತದೆಯೇ, ಕತ್ತಿನ ಮೇಲ್ಭಾಗ ಗಟ್ಟಿಯಾಗಿ ಊದಿದೆಯೇ, ಬಾಲದ ಬುಡದಲ್ಲಿ ಕೊಬ್ಬು ಕೂತಿದೆಯೇ ಎಂದು ಮುಟ್ಟಿ ನೋಡಿ, ಆ ಕುದುರೆ ಹದವಾಗಿದ್ದಾಗಿನ ತೂಕವನ್ನೇ ಲೆಕ್ಕಕ್ಕೆ ಹಾಕಿ. ತುಂಬು ಗಬ್ಬದ ಹೆಣ್ಣು ಕುದುರೆಗೂ ಗಬ್ಬಕ್ಕೆ ಮುಂಚಿನ ತೂಕವೇ ಬೇಕು.

ತಳಿಯೂ ಲೆಕ್ಕವನ್ನು ಬಾಗಿಸುತ್ತದೆ. ಥರೋಬ್ರೆಡ್ಡಿನ ಹೃದಯ ಮೈತೂಕದ ಸುಮಾರು ಶೇ 1ರಷ್ಟು ತೂಗಿದರೆ, ಭಾರ ಎಳೆಯುವ ದಪ್ಪ ತಳಿಗಳದ್ದು ಅದಕ್ಕಿಂತ ಗಣನೀಯವಾಗಿ ಕಡಿಮೆ. ಅಸಾಧಾರಣ ಓಟಗಾರರಲ್ಲಿ ಹೃದಯ ಇನ್ನೂ ದೊಡ್ಡದಿರಬಹುದು. 1932ರಲ್ಲಿ ಸತ್ತ ಹೆಸರಾಂತ ರೇಸ್ ಕುದುರೆ ಫಾರ್ ಲ್ಯಾಪ್‌ನ ಹೃದಯ 6.2 ಕೆ.ಜಿ., ಅದನ್ನು ಇಂದಿಗೂ ಆಸ್ಟ್ರೇಲಿಯಾದ ಕ್ಯಾನ್ಬೆರಾದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅಮೆರಿಕದ ರೇಸ್ ಕುದುರೆ ಸೆಕ್ರೆಟೇರಿಯಟ್‌ನ ಹೃದಯ ಹತ್ತು ಕೆ.ಜಿ. ಎನ್ನುವ ಮಾತು ಲಾಯಗಳಲ್ಲಿ ಬಹಳ ಕೇಳಿಬರುತ್ತದೆ. ಅದನ್ನು ತೂಗಿರಲಿಲ್ಲ, ಪರೀಕ್ಷಿಸಿದ ವೈದ್ಯರು ಅಂದಾಜಿಸಿದ್ದರು.

ತಾಲೀಮು ಸಹ ಹೃದಯವನ್ನು ಬೆಳೆಸುತ್ತದೆ. ಎರಡು ವರ್ಷದ ಕುದುರೆ ಮೊದಲ ಬಾರಿ ತಾಲೀಮಿಗೆ ಇಳಿದ ಕೆಲವೇ ತಿಂಗಳಲ್ಲಿ ಎಡ ಹೃತ್ಕುಕ್ಷಿ ಅಗಲವಾಗಿ, ಗೋಡೆ ದಪ್ಪವಾಗುತ್ತದೆ. ತಾಲೀಮಾದ ಕುದುರೆಗಳಲ್ಲಿ ಕವಾಟದಿಂದ ಚೂರು ರಕ್ತ ಹಿಂದಕ್ಕೆ ಸೋರುವುದೂ ಸಾಮಾನ್ಯ. ಇದನ್ನು ರೋಗ ಎಂದು ಬರೆದು ಒಳ್ಳೆಯ ಕುದುರೆಯನ್ನು ಓಟದಿಂದ ತೆಗೆಸುವುದು ಅನ್ಯಾಯ. ಗಂಡು ಹೆಣ್ಣಿನ ವ್ಯತ್ಯಾಸದ ಬಹುಪಾಲು ತೂಕ ಸರಿಹೊಂದಿಸಿದಾಗಲೇ ಕರಗುತ್ತದೆ.

ಈಗ ಪ್ರೋಬ್ ಹಿಡಿಯಿರಿ

ಬಲ ಮುಂಗಾಲನ್ನು ಒಂದು ಹೆಜ್ಜೆ ಮುಂದಕ್ಕೆ ಇಡಿಸಿ. ಕೂದಲು ಕತ್ತರಿಸಿ ಅಥವಾ ಸ್ಪಿರಿಟ್ ಹಚ್ಚಿ ತೋಯಿಸಿ, ಮೊಣಕೈ ಮಟ್ಟಕ್ಕಿಂತ ತುಸು ಮೇಲೆ, ಬಲಗಡೆಯ ನಾಲ್ಕನೆಯ ಪಕ್ಕೆಸಂದಿಯಲ್ಲಿ ಪ್ರೋಬ್ ಇಡಿ. ದೊಡ್ಡ ಕುದುರೆಗೆ ಕಡಿಮೆ ಆವರ್ತನದ, 30 ಸೆಂ.ಮೀ. ಆಳದವರೆಗೆ ಕಾಣಿಸುವ ಪ್ರೋಬ್ ಬೇಕು. ಎದೆ ಬಹಳ ಆಳವಿದ್ದರೆ ಬಲಗಡೆಯಿಂದ ಎಡ ಹೃತ್ಕರ್ಣದ (ಹೃದಯದ ಮೇಲ್ಕೋಣೆಯ) ಆಚೆ ಗೋಡೆ ಚಿತ್ರದಿಂದ ಹೊರಗೆ ಉಳಿದು ಅಳತೆ ತಪ್ಪುತ್ತದೆ. ಅಂಥ ಕುದುರೆಯಲ್ಲಿ ಹೃತ್ಕರ್ಣವನ್ನು ಎಡಗಡೆಯಿಂದಲೂ ಅಳೆಯಿರಿ. ಕೊಬ್ಬಿದ ಕುದುರೆಯಲ್ಲಿ ಚಿತ್ರವೇ ಮಸುಕು. ಗೆರೆ ಎಲ್ಲಿ ಎಳೆಯಬೇಕೆಂದು ಕಾಣದಿದ್ದರೆ ಆ ಅಳತೆ ಬಿಟ್ಟುಬಿಡಿ, ಊಹಿಸಿ ತುಂಬಬೇಡಿ. ಹೃದಯವನ್ನು ಸೀಳಿದಂತೆ ಪರದೆಯಲ್ಲಿ ಕಾಣುವ ನೋಟ ಓರೆಯಾದರೆ ಹೃದಯದ ಕೋಣೆ ಇರುವುದಕ್ಕಿಂತ ಅಗಲವಾಗಿ, ಗೋಡೆ ದಪ್ಪವಾಗಿ ಕಾಣುತ್ತದೆ ಎಂಬುದೂ ನೆನಪಿರಲಿ.

ನೆಮ್ಮದಿಯಾಗಿ ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಬೆದರಿ 60 ದಾಟಿದರೆ ಹೃತ್ಕುಕ್ಷಿ ತುಂಬಿಕೊಳ್ಳಲು ಸಮಯವೇ ಸಿಗದೆ ಚಿಕ್ಕದಾಗಿ ಕಾಣುತ್ತದೆ, ಆದ್ದರಿಂದ ಕಾಯಿರಿ. ಕಾಯಲಾಗದೆ ಕ್ಸೈಲಜಿನ್, ಡೆಟೊಮಿಡಿನ್‌ನಂಥ ಮತ್ತಿನ ಮದ್ದು ಕೊಟ್ಟರೆ ಬಡಿತ ನಿಧಾನವಾಗಿ ಹೃತ್ಕುಕ್ಷಿ ಹಿಗ್ಗುತ್ತದೆ, ಕುಗ್ಗುವ ಶೇಕಡಾವಾರು ಇಳಿಯುತ್ತದೆ. ಕೊಟ್ಟಿದ್ದರೆ ವರದಿಯಲ್ಲಿ ಬರೆಯಲೇಬೇಕು. ಆರೋಗ್ಯವಂತ ಕುದುರೆಗಳಲ್ಲೂ ನಿಂತಲ್ಲೇ ಆಗಾಗ ಒಂದು ಬಡಿತ ತಪ್ಪುವುದುಂಟು. ಆ ವಿರಾಮದ ನಂತರದ ಬಡಿತ ಹೆಚ್ಚು ರಕ್ತ ತುಂಬಿಕೊಂಡಿರುತ್ತದೆ. ಇಸಿಜಿ ಜೊತೆಗೆ ಓಡಿಸಿ ಅದನ್ನು ಬಿಟ್ಟು, ಮೂರರಿಂದ ಐದು ಸಮ ಬಡಿತಗಳ ಸರಾಸರಿ ತೆಗೆಯಿರಿ.

ವರದಿಯಲ್ಲಿ ಪರದೆಯ ಅಳತೆ, ತೂಕ, ತೂಕಕ್ಕೆ ಸರಿಹೊಂದಿಸಿದ ಅಳತೆ ಮೂರನ್ನೂ ಅಕ್ಕಪಕ್ಕ ಬರೆಯಿರಿ. ಕುದುರೆಯ ಒಡೆಯರು ಆ ಹಾಳೆಯನ್ನು ಜೋಪಾನ ಮಾಡಿ, ಮುಂದಿನ ಎಕೋಗೆ ತಪ್ಪದೆ ತರಬೇಕು. ಒಬ್ಬರೇ ವೈದ್ಯರು ಎರಡು ದಿನ ಅಳೆದರೂ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ತೂಕ ಹಾಗೇ ಇದ್ದು, ತಾಲೀಮೂ ಹಾಗೇ ಇದ್ದು, ಆರು ತಿಂಗಳಲ್ಲಿ ಹೃತ್ಕುಕ್ಷಿ ಒಂದು ಸೆಂಟಿಮೀಟರ್ ಹಿಗ್ಗಿದ್ದರೆ ಆ ದಿನವೇ ಸವಾರಿ ನಿಲ್ಲಿಸಿ, ಕವಾಟಗಳನ್ನು ಮತ್ತೆ ಒಂದೊಂದಾಗಿ ನೋಡಿಸಿ.