ದೊಡ್ಡಹಬ್ಬದ (ದೀಪಾವಳಿಯ) ಗರ್ನಾಲಿಗೆ ಮುದಿ ನಾಯಿಯನ್ನು ಸಜ್ಜು ಮಾಡುವುದು ಹೇಗೆ?

ಶಿರಸಿ ಕಡೆ ತೋಟಕ್ಕೆ ಮಂಗ ಬಂದರೆ ಗರ್ನಾಲು, ಅಂದರೆ ಜೋರು ಸದ್ದಿನ ಪಟಾಕಿ, ಹಚ್ಚುತ್ತೇವೆ. ಮೊದಲ ದಿನ ಮಂಗಗಳು ಗುಡ್ಡ ಹತ್ತುತ್ತವೆ. ವಾರ ಕಳೆದರೆ ಢಂ ಅಂದರೂ ಬಾಳೆಗೊನೆ ಬಿಟ್ಟು ಏಳುವುದಿಲ್ಲ. ಸದ್ದಷ್ಟೇ, ಬೇರೇನೂ ಆಗುವುದಿಲ್ಲ ಅಂತ ಅವಕ್ಕೆ ಗೊತ್ತಾಗಿರುತ್ತದೆ. ಅದೇ ಸದ್ದಿಗೆ ನಮ್ಮನೆ ನಾಯಿ ಕೆಂಚ ಮಾತ್ರ ವರ್ಷ ಹೋದಂತೆ ಜಾಸ್ತಿ ಹೆದರತೊಡಗಿದ. ಈಗ ಅವನಿಗೆ 12 ವರ್ಷ. ಕಳೆದ ದೊಡ್ಡಹಬ್ಬದ ರಾತ್ರಿ ಬಚ್ಚಲೊಲೆ ಪಕ್ಕದ ಕಟ್ಟಿಗೆ ರಾಶಿಯೊಳಗೆ ನುಗ್ಗಿದವನು ಬೆಳಗಾದರೂ ಹೊರಗೆ ಬರಲಿಲ್ಲ.

ವಯಸ್ಸಾದ ನಾಯಿಗೆ ಕಿವಿ ಮಂದ, ಪಟಾಕಿ ಏನು ಮಾಡೀತು ಅನ್ನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೊದಲು ಕೇಳದೆ ಹೋಗುವುದು ಕೀರಲು ಸದ್ದು. ಗರ್ನಾಲಿನ ಗುಡುಗು, ನೆಲದ ಅದುರು ತಲುಪುತ್ತಲೇ ಇರುತ್ತದೆ. ಎಲ್ಲಿಂದ ಬಂತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಜೊತೆಗೆ ಕೀಲುನೋವು. ಬೆಚ್ಚಿದಾಗ ಮೈ ಸೆಟೆದು ಸೊಂಟ ಚಳಕ್ ಅನ್ನುತ್ತದೆ. ಸದ್ದಾದರೆ ನೋವು ಅಂತ ತಲೆಯಲ್ಲಿ ಕೂತುಬಿಡುತ್ತದೆ.

ಹಾಗಾಗಿ ಮೊದಲ ಕೆಲಸ ಪಶುವೈದ್ಯರ ಭೇಟಿ. ಹಬ್ಬಕ್ಕೆ ಮೂರ್ನಾಲ್ಕು ವಾರ ಇರುವಾಗಲೇ ಹೋಗಿ. ಹೋಗುವ ಮೊದಲು ಎರಡು ದಿನ ಸುಮ್ನೆ ನೋಡಿ: ಜಗಲಿ ಮೆಟ್ಟಿಲು ಹತ್ತಲು ತಡವರಿಸುತ್ತದೆಯೇ? ರಾತ್ರಿ ಗೋಡೆ ನೋಡುತ್ತ ನಿಲ್ಲುತ್ತದೆಯೇ? ಗುರುತಿದ್ದವರಿಗೂ ಬೊಗಳುತ್ತದೆಯೇ? ಕೊನೆಯ ಎರಡು ಮಿದುಳಿಗೆ ವಯಸ್ಸಾದ ಲಕ್ಷಣವೂ ಇರಬಹುದು. ಹೆದರಿಕೆಗೆ ಕೊಡುವ ಕೆಲವು ಮಾತ್ರೆಗಳು ಮೈಯನ್ನಷ್ಟೇ ಮಂಕು ಮಾಡುತ್ತವೆ, ಹೆದರಿಕೆ ಒಳಗೇ ಇರುತ್ತದೆ. ಯಾವುದು ಕೊಡುತ್ತಿದ್ದಾರೆ ಅಂತ ಕೇಳಿ, ಹಬ್ಬಕ್ಕೆ ಮೊದಲೇ ಒಮ್ಮೆ ಕೊಟ್ಟು ನೋಡಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಬೇಡ, ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ.

ಆಮೇಲೆ ಜಾಗ. ಕಿಟಕಿ ಇಲ್ಲದ ನಡುಕೋಣೆ ಒಳ್ಳೆಯದು. ಕೆಂಚನ ಉಗುರು ನಯವಾದ ನೆಲದ ಮೇಲೆ ಕರಕರ ಜಾರುತ್ತಿತ್ತು. ಎದ್ದೇಳಲು ಹೋಗಿ ಹಿಂಗಾಲು ಅಗಲವಾಗಿ, ಮತ್ತೆ ಕುಸಿಯುತ್ತಿದ್ದ. ಎರಡು ಹಳೆ ಕಂಬಳಿ ಹಾಸಿದೆ, ಅರ್ಧ ಭಯ ಅಲ್ಲೇ ಇಳಿಯಿತು. ಈಗಿನಿಂದಲೇ ಅಲ್ಲಿ ಊಟ ಹಾಕಿ, ರೂಢಿಯಾಗಲಿ.

ಹಬ್ಬದ ದಿನ ಬೆಳಕಿರುವಾಗಲೇ ತಿರುಗಾಡಿಸಿ, ಬೇಗ ಊಟ ಹಾಕಿ. ಫ್ಯಾನು, ರೇಡಿಯೊ ಹಚ್ಚಿಡಿ. ಒಂದು ಸಣ್ಣ ದೀಪವೂ ಇರಲಿ, ಕತ್ತಲಲ್ಲಿ ಮುದಿ ನಾಯಿಗೆ ದಿಕ್ಕು ತಪ್ಪುತ್ತದೆ. ಸರಪಳಿ ಹಾಕಬೇಡಿ, ಬಾಗಿಲು ಭದ್ರ ಮಾಡಿ. ಹತ್ತಿರ ಬಂದರೆ ಮೈ ಸವರಿ. ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಅನ್ನುವುದು ಸುಳ್ಳು. ಅಡಗಿ ಕೂತಿದ್ದರೆ ಮಾತ್ರ ಎಳೆಯಬೇಡಿ. ಕಟ್ಟಿಗೆ ರಾಶಿಗೆ ಕೈ ಹಾಕಿ ನಾನು ಕಚ್ಚಿಸಿಕೊಂಡಿದ್ದೇನೆ.

ಕೊಟ್ಟಿಗೆಯನ್ನೂ ಮರೆಯಬೇಡಿ. ಪಟಾಕಿ ಶುರುವಾಗುವ ಮೊದಲೇ ಹಾಲು ಕರೆದು ಮುಗಿಸಿ. ಬೆಚ್ಚಿದ ಹಸುವಿನ ಮೈಯಲ್ಲಿ ಹೆದರಿಕೆಯ ಹಾರ್ಮೋನು ಅಡ್ರಿನಲಿನ್ ಏರಿ, ಹಾಲಿಳಿಸುವ ಹಾರ್ಮೋನು ಆಕ್ಸಿಟೋಸಿನ್ ಕೆಲಸ ನಿಲ್ಲುತ್ತದೆ. ಆಗ ಎಷ್ಟು ಎಳೆದರೂ ಸೊರ ಬಿಡುವುದಿಲ್ಲ. ಬೈದರೆ ಇನ್ನೂ ಬಿಗಿ ಹಿಡಿಯುತ್ತದೆ. ಅರ್ಧ ಗಂಟೆ ಬಿಟ್ಟು ಕೂರಿ.

ಕೇರಿಯ ಮಕ್ಕಳಿಗೂ ಮೊದಲೇ ಹೇಳಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಹೊಡೆಯುವಂತಿಲ್ಲ. ನಾನು ಕಾನೂನಿನ ಮಾತು ತೆಗೆಯಲಿಲ್ಲ, ಕೆಂಚನನ್ನು ತೋರಿಸಿದೆ. ಗರ್ನಾಲು ಹೊಳೆದಂಡೆಗೆ ಹೋಯಿತು.

ಬೆಳಿಗ್ಗೆ ಅಂಗಳ ಗುಡಿಸಿದ ಮೇಲೇ ಹೊರಗೆ ಬಿಡಿ, ಪಟಾಕಿ ಚೂರು ತಿಂದೀತು. ಪಾದ ಎತ್ತಿ ಉಗುರು ನೋಡಿ. ಬಾಗಿಲು ಕೆರೆದು ಬುಡದಲ್ಲೇ ಸೀಳಿರುತ್ತದೆ, ಕುಂಟುವವರೆಗೆ ಗೊತ್ತೇ ಆಗುವುದಿಲ್ಲ.